ಪಟ್ಟಿಯ ಕೆಳಗಿನ ವಿಭೂತಿ

“ಇದು ಗೌಡರ ಎದಿ ಅಲ್ರಿ,” ಅಂದರು ಡಾಕ್ಟರ್ ಮೆಹರಾಜಬೇಗಂ.

ನಾನು ಬಡೇಸೋಪು ಅಗಿಯುವುದನ್ನು ನಿಲ್ಲಿಸಿದೆ.

ಗುಲಬರ್ಗಾದ ಅವರ ದವಾಖಾನೆಯ ಮೇಜಿನ ಮೇಲೆ ಎದೆಬಡಿತದ ಗೆರೆ ಬಿದ್ದ ಚೌಕುಳಿ ಕಾಗದ ಒಂದು ಮಾರು ಉದ್ದಕ್ಕೆ ಹಾಸಿತ್ತು. ಫ್ಯಾನಿನ ಗಾಳಿಗೆ ಹಾರದಿರಲೆಂದು ಎರಡೂ ತುದಿಗೆ ಔಷಧದ ಶೀಸೆ ಇಟ್ಟಿದ್ದರು.

“ಆ ಮಿಷನ್ ಗೌಡರ ಎದಿ ಮ್ಯಾಲಿಂದ ಬಿಚ್ಚಿ ತಂದಾವ ನಾನ ಅದೀನ್ರಿ,” ಅಂದೆ. “ಪಂಚರ ಮುಂದ.”

“ನೀವು ಬಿಚ್ಚಿದ್ದು ಅವ್ರ ಎದಿಯಿಂದನ. ಆದ್ರ ಕಡೀ ಒಂದು ತಾಸು ಇದ್ರಾಗ ಬಡದದ್ದು ಬ್ಯಾರೇದವ್ರ ಎದಿ.”

ನರೋಣಾದ ದೌಲತರಾಯ ಗೌಡರು ಪೂಜೆಯ ಕೋಣೆಯಲ್ಲಿ ತಲೆಯ ಹಿಂಭಾಗ ಒಡೆದು ಸತ್ತು ಐದು ದಿನವಾಗಿತ್ತು. ಅವರ ಜೀಪಿನ ಡ್ರೈವರ್ ಕರೀಮಸಾಬ ನನ್ನ ಲಾಕಪ್ಪಿನಲ್ಲಿದ್ದ. ಪೊಲೀಸ್ ಕಸ್ಟಡಿ ಮುಗಿಯುತ್ತಿತ್ತು, ಮರುದಿನ ಹನ್ನೊಂದು ಗಂಟೆಗೆ ಅವನನ್ನು ಮತ್ತೆ ಕೋರ್ಟಿನ ಮುಂದೆ ನಿಲ್ಲಿಸಬೇಕಿತ್ತು. ಅಲ್ಲಿಂದ ಅವನ ದಾರಿ ಸೀದಾ ಜೈಲಿಗೆ.

ಅವನನ್ನು ಒಳಗೆ ಹಾಕಿಸಿದ್ದು ಇದೇ ಮಿಷನ್ನು. ಹೋಲ್ಟರ್ ಅನ್ನುತ್ತಾರೆ. ನೋಡಿದರೆ ಮದುವೆ ಮನೆಯ ಟೇಪ್ ರೆಕಾರ್ಡರಿನ ಮರಿ. ಸೊಂಟಕ್ಕೆ ಬೆಲ್ಟಿನಿಂದ ಕಟ್ಟುತ್ತಾರೆ, ಐದು ವೈರುಗಳನ್ನು ಅಂಟುಪಟ್ಟಿ ಹಾಕಿ ಎದೆಗೆ ಹಚ್ಚುತ್ತಾರೆ, ಒಳಗಿನ ಕ್ಯಾಸೆಟ್ಟು ಇಪ್ಪತ್ನಾಲ್ಕು ತಾಸು ಎದೆಬಡಿತ ಬರೆದುಕೊಳ್ಳುತ್ತದೆ. ಗೌಡರಿಗೆ ಆಗಾಗ ತಲೆ ಸುತ್ತುತ್ತಿತ್ತು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹಾಕಿಸಿಕೊಂಡು ಹೋದರು. ಮಂಗಳವಾರ ಹತ್ತಕ್ಕೆ ಬಿಚ್ಚಿಸಬೇಕಿತ್ತು. ಮಂಗಳವಾರ ಎಂಟಕ್ಕೆ ಅವರ ಹೆಂಡತಿ ಕಸ್ತೂರಿಬಾಯಿ ಗುಡಿಯಿಂದ ಬಂದು ನೋಡಿದಾಗ ಹೆಣವಾಗಿದ್ದರು, ಮಿಷನ್ನು ಎದೆಯ ಮೇಲೇ ಇತ್ತು.

ಆವತ್ತು ಡಾಕ್ಟರರು ಬೊಂಬಾಯಿಯಲ್ಲಿದ್ದರು. ಅವರ ಟೆಕ್ನಿಷಿಯನ್ನಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ, ಎದೆ ಯಾವಾಗ ನಿಂತಿತು ಎಂದು. ಅವನು ಕ್ಯಾಸೆಟ್ಟಿನ ತುದಿ ಓಡಿಸಿ, ಏಳು ಮೂವತ್ತೈದು ಅಂದ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಕೊಲೆಯ ನಿಮಿಷವನ್ನೇ ಹೇಳಿದ ಸಾಕ್ಷಿ ನನಗೆ ಸಿಕ್ಕಿರಲಿಲ್ಲ. ಖುಷಿಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಏಳು ಮೂವತ್ತೈದಕ್ಕೆ ಗೌಡರ ತಮ್ಮ ಹಣಮಂತರಾಯ ಅಫಜಲಪುರದ ಬಸ್ಸಿನಲ್ಲಿದ್ದ, ಕಂಡಕ್ಟರ್ ಸಾಕ್ಷಿ. ಕಸ್ತೂರಿಬಾಯಿ ಬಸವಣ್ಣನ ಗುಡಿಯಲ್ಲಿದ್ದರು, ಹತ್ತು ಹೆಂಗಸರು ಸಾಕ್ಷಿ. ಗೌಡರ ದೊಡ್ಡ ಮನೆ, ಆ ವಾಡೆಯಲ್ಲಿ ಉಳಿದವನು ಕರೀಮಸಾಬ ಒಬ್ಬನೇ, ಅವನಿಗೆ ಜೀಪು ಸಾಕ್ಷಿ. ನಾನು ಅವನ ತೋಳು ಹಿಡಿದೆ. ಅವನು ಯಾಕೆ ಎಂದೂ ಕೇಳಲಿಲ್ಲ. ಅದು ಅವತ್ತೇ ನನಗೆ ವಿಚಿತ್ರ ಅನ್ನಿಸಬೇಕಿತ್ತು.

“ಬಿಡಿಸಿ ಹೇಳ್ರಿ,” ಅಂದೆ ಡಾಕ್ಟರಿಗೆ.

ಅವರು ಪೆನ್ಸಿಲ್ಲಿನ ತುದಿಯನ್ನು ಕಾಗದದ ಎಡಕ್ಕೆ ಇಟ್ಟರು.

“ಇದು ಮಂಗಳವಾರ ಮುಂಜಾನಿ ಆರು ಇಪ್ಪತ್ತೆಂಟರ ತನಕ. ನಡುನಡುವ ಒಂದು ಬಡತ ಹಿಂದಮುಂದ ಆಗ್ತದ, ನೋಡ್ರಿ. ಇದು ಗೌಡರದು. ಸೋಮವಾರ ನಾನ ಕಿವಿಗೊಟ್ಟು ಕೇಳೀನಿ.” ಪೆನ್ಸಿಲ್ಲು ಬಲಕ್ಕೆ ಸರಿಯಿತು. “ಇಲ್ಲಿ ನಾಕು ನಿಮಿಷ ಬರೇ ಗೀಚು. ವೈರ್ ಕಿತ್ತಾಗ ಹೀಂಗ ಬರ್ತದ. ಆಮ್ಯಾಲ ಈ ಹೊಸಾ ಎದಿ.”

“ಇದರಾಗೇನು ಹೊಸಾದು? ನನಗ ಎರಡೂ ಒಂದ ಕಾಣ್ತಾವ.”

“ಹರ ಬಡತದ ಮುಂದ ಒಂದು ಸಣ್ಣ ಕಡ್ಡಿ ನಿಂತದ, ಕಾಣ್ತದೇನು?”

ಕಂಡಿತು. ಸೂಜಿಯಲ್ಲಿ ಗೀರಿದಷ್ಟು ತೆಳುವಾದ ನೆಟ್ಟಗಿನ ಗೆರೆ. ಒಂದೊಂದು ಬಡಿತಕ್ಕೂ ಒಂದೊಂದು, ಅಳತೆ ಹಿಡಿದು ನೆಟ್ಟಂತೆ.

“ಅದು ಪೇಸ್‌ಮೇಕರ್. ಚರ್ಮದ ಕೆಳಗ ಇಡೋ ಮಿಷನ್. ಎದಿ ತಾನಾಗಿ ಬಡೀದಿದ್ರ ಅದು ಕರೆಂಟಿನ ಪೆಟ್ಟು ಕೊಟ್ಟು ಬಡಸ್ತದ. ಗೌಡರಿಗಿ ಅದು ಇರಲಿಲ್ಲ. ಈ ಮೂರು ತಾಲೂಕದಾಗ ಯಾರಿಗಿ ಅದ ಅಂತ ನನಗ ಗೊತ್ತಿಲ್ಲ. ನಾ ಯಾರಿಗೂ ಹಾಕಿಸಿಲ್ಲ.”

ತನಿಖಾ ವರದಿಯಲ್ಲಿ ನಾನೇ ಬರೆದ ಹದಿನಾಲ್ಕು ಪುಟ ಕಣ್ಣ ಮುಂದೆ ಬಂದವು. ಹದಿನಾಲ್ಕೂ ಏಳು ಮೂವತ್ತೈದರ ಮೇಲೆ ನಿಂತಿದ್ದವು.

“ಮಿಷನ್ ಅದಲ್-ಬದಲ್ ಆಗ್ಯಾದ ಅನ್ನೂದಕ್ಕ ಕಾಗದ ಬಿಟ್ಟು ಬ್ಯಾರೆ ಪುರಾವೆ ಅದೇನ್ರಿ? ಕೋರ್ಟಿನಾಗ ನಾ ಈ ಕಡ್ಡಿ ತೋರಿಸಿದ್ರ ವಕೀಲರು ನಗ್ತಾರ.”

ಡಾಕ್ಟರರು ಡ್ರಾಯರಿನಿಂದ ನನ್ನದೇ ಮೊಹರಿನ ಲಕೋಟೆ ತೆಗೆದರು. ಹೆಣದ ಎದೆಯಿಂದ ಕಿತ್ತ ಐದು ಅಂಟುಪಟ್ಟಿ ಅದರಲ್ಲಿದ್ದವು. ಒಂದನ್ನು ಚಿಮುಟದಿಂದ ಮಗುಚಿ ನನ್ನ ಕಡೆ ಹಿಡಿದರು. ಅಂಟಿನ ಮೇಲೆ ಬೂದಿ ಮೆತ್ತಿತ್ತು.

“ವಿಭೂತಿ,” ಅಂದೆ.

“ಸೋಮವಾರ ಹಚ್ಚೂ ಮುಂದ ನಾವು ಎದಿ ಸ್ಪಿರಿಟ್ ಹಾಕಿ ಒರಸ್ತೇವಿ. ಒಂದು ಕಣ ಬೂದಿ ಇದ್ರೂ ಪಟ್ಟಿ ಹಿಡಿಯೂದಿಲ್ಲ.”

ವಿಭೂತಿ ಪಟ್ಟಿಯ ಮೇಲಿರಬೇಕಿತ್ತು, ಕೆಳಗಿತ್ತು. ಅಂದರೆ ಗೌಡರು ಪಟ್ಟಿ ಕಿತ್ತು, ಜಳಕ ಮಾಡಿ, ಎದೆಗೆ ವಿಭೂತಿ ಬಳಿದುಕೊಂಡ ಮೇಲೆ ಅದನ್ನು ಯಾರೋ ತಿರುಗಿ ಹಚ್ಚಿದ್ದರು.

“ಜಳಕ ಮಾಡಬ್ಯಾಡ್ರಿ ಅಂತ ಹೇಳಿದ್ದಿಲ್ಲೇನು?”

ಡಾಕ್ಟರರು ನಿಟ್ಟುಸಿರು ಬಿಟ್ಟರು. “ಅರ್ಧಾ ತಾಸು ಹೇಳೀನಿ. ಜಳಕ ಇಲ್ದ ಲಿಂಗಪೂಜಾ ಹ್ಯಾಂಗ್ರಿ, ಪೂಜಾ ಇಲ್ದ ಹನಿ ನೀರು ಕುಡಿಯಾವಲ್ಲ ನಾ, ಅಂದ್ರು. ನೀರಿಲ್ಲದಾಗ ನಮ್ಮವ್ರು ಮಣ್ಣು ಮುಟ್ಟಿ ಕೈಮುಖ ಒರಸ್ಕೊಂಡು ನಮಾಜ್ ಮಾಡ್ತಾರ, ನಿಮ್ಮಲ್ಲಿ ಭಸ್ಮ ಅದಲ್ರಿ, ಒಂದು ದಿನ ಅದರಿಂದನ ಸ್ನಾನ ಮಾಡ್ರಿ, ಅಂದೆ. ಡಾಕ್ಟರ್ ಬಾಯಿ ಭಾಳ ಶಾಣ್ಯಾಕಿ ಅದಾಳ ಅಂತ ನಕ್ಕು ತಲಿ ಅಲ್ಲಾಡಿಸಿದ್ರು.”

“ಆಮ್ಯಾಲ?”

“ಟೇಪು ನಡುವ ನಿಂತ್ರ ಏನಾಗ್ತದ ಅಂತ ಕೇಳಿದ್ರು. ನೀವು ಮತ್ತ ಬರಬೇಕಾಗ್ತದ, ಮತ್ತ ಇಪ್ಪತ್ನಾಕು ತಾಸು ಹಾಕ್ತೇವಿ, ಅಂದೆ.”

ಗೌಡರನ್ನು ನಾನು ಬಲ್ಲೆ. ಎರಡು ಸಲ ಬಿತ್ತಿಸಿಕೊಳ್ಳುವ ಹೊಲಕ್ಕೂ ಅವರು ಒಂದೇ ಸಲ ಬೀಜ ಕೊಡುವವರು. ಜಳಕವೂ ಆಗಬೇಕು, ಟೇಪೂ ನಿಲ್ಲಬಾರದು. ಅವರು ಏನು ಮಾಡಿದರು ಅನ್ನುವುದು ಕೂತಲ್ಲೇ ನನಗೆ ಕಂಡಿತು. ಜಳಕ, ಪೂಜೆ ಮುಗಿಯುವ ತನಕ ಮಿಷನ್ನನ್ನು ಬೇರೊಬ್ಬರ ಎದೆಗೆ ಕಟ್ಟಿದ್ದರು. ಯಾರ ಎದೆಯಾದರೇನು, ಬಡಿದರೆ ಸಾಕಲ್ಲ ಎಂದು ತಿಳಿದಿದ್ದರು.

ನಗು ಬಂತು. ಆಮೇಲೆ ನಗು ನಿಂತಿತು, ಯಾಕೆಂದರೆ ಲೆಕ್ಕವೆಲ್ಲ ಬದಲಾಗಿತ್ತು. ಏಳು ಮೂವತ್ತೈದಕ್ಕೆ ನಿಂತದ್ದು ಗೌಡರ ಎದೆಯಲ್ಲ. ಮಿಷನ್ನು ಹೆಣಕ್ಕೆ ಹಚ್ಚಿದ ಹೊತ್ತು ಅದು. ಗೌಡರು ಅದಕ್ಕೂ ಮೊದಲೇ ಸತ್ತಿದ್ದರು. ಶವಪರೀಕ್ಷೆಯವರೂ ಏಳರಿಂದ ಎಂಟರೊಳಗೆ ಎಂದಷ್ಟೇ ಬರೆದಿದ್ದರು. ಹಣಮಂತರಾಯ ಬಸ್ಸು ಹತ್ತಿದ್ದು ಏಳು ಇಪ್ಪತ್ತಕ್ಕೆ. ಕಸ್ತೂರಿಬಾಯಿ ಗುಡಿಗೆ ಬಂದದ್ದು ಏಳು ಇಪ್ಪತ್ತೈದಕ್ಕೆ. ಅದಕ್ಕೂ ಮೊದಲು ಇಬ್ಬರೂ ವಾಡೆಯಲ್ಲೇ ಇದ್ದರು.

“ಡಾಕ್ಟರ್‌ರ, ಮಿಷನ್ ಕಟ್ಕೊಂಡಾವನ ಗೌಡರನ್ನ ಕೊಂದಿದ್ರ ಈ ಕಾಗದದಾಗ ಗೊತ್ತಾಗ್ತದೇನು? ಎದಿ ಜೋರ್ ಬಡೀತದಲ್ಲ.”

“ಈ ಎದಿಯಾಗ ಇಲ್ಲ. ಇದು ನಿಮಿಷಕ್ಕ ಎಪ್ಪತ್ತು ಬಡತಕ್ಕ ಕಟ್ಟಿಟ್ಟ ಮಿಷನ್. ಓಡಿದ್ರ ಎಪ್ಪತ್ತು. ಮಲಗಿದ್ರ ಎಪ್ಪತ್ತು.”

“ಮನಷ್ಯಾನ್ನ ಹೊಡದು ಕೊಂದ್ರ?”

“ಎಪ್ಪತ್ತು.”

ಇಡೀ ಜಿಲ್ಲೆಯಲ್ಲಿ ಸಾಕ್ಷಿ ಹೇಳಲಾರದ ಒಂದು ಎದೆ ಇತ್ತು, ಅದನ್ನೇ ಹುಡುಕಿ ಗೌಡರು ಮಿಷನ್ ಕಟ್ಟಿದ್ದರು. ನಾನು ಟೋಪಿ ಕೈಗೆತ್ತಿಕೊಂಡೆ.

“ಕುಂದರ್ರಿ,” ಅಂದರು ಡಾಕ್ಟರರು. “ಆ ಎಪ್ಪತ್ತು ಎದಿಯ ಕೆಳಗಿನ ಕೋಣಿದು. ಮ್ಯಾಲಿನ ಕೋಣಿ ಇನ್ನೂ ಅವನದ ಅದ. ಎರಡರ ನಡುವಿನ ದಾರಿ ಕಡದಿರ್ತದ, ಅದಕ್ಕ ಮಿಷನ್ ಹಾಕಿರ್ತಾರ. ಮ್ಯಾಲಿನ ಕೋಣಿ ಅಂಜಿದ್ರ ಓಡ್ತದ, ಅದರ ಮಾತು ಕೆಳಗ ಮುಟ್ಟೂದಿಲ್ಲ. ಈ ಸಣ್ಣ ಗುಬ್ಬು ನೋಡ್ರಿ, ಇದು ಮ್ಯಾಲಿನ ಕೋಣಿದು.”

ಎತ್ತರದ ಗೆರೆಗಳ ನಡುವೆ ಪುಟ್ಟ ಪುಟ್ಟ ಉಬ್ಬುಗಳಿದ್ದವು. ಅವನ್ನು ನಾನು ಕಾಗದದ ದೋಷ ಅಂದುಕೊಂಡಿದ್ದೆ.

“ಏಳರ ತನಕ ನಿಮಿಷಕ್ಕ ಎಂಬತ್ತು. ಏಳು ಹತ್ತಕ್ಕ ಒಮ್ಮಿಂದೊಮ್ಮೆ ನೂರಾ ಮೂವತ್ತು. ಆಮ್ಯಾಲ ಇಳಿಯಲೇ ಇಲ್ಲ.”

ಏಳು ಹತ್ತಕ್ಕೆ ಅವನು ಏನನ್ನೋ ಮಾಡಿದ್ದ, ಇಲ್ಲವೆ ಏನನ್ನೋ ನೋಡಿದ್ದ.

“ಮಣಿಕಟ್ಟು ಹಿಡದ್ರ ಇದು ತಿಳಿಯೂದಿಲ್ಲ,” ಅಂದರು ಅವರು, ಕಾಗದ ಸುತ್ತುತ್ತ. “ಗ್ವಾಡಿಗಿ ಒರಗಿಸಿ ಕುಂದ್ರಸ್ರಿ. ಬಲಗಡಿ ಕುತಿಗಿ, ಕಿವಿ ಕೆಳಗ ನೋಡ್ರಿ. ಅಲ್ಲಿ ಒಂದು ನರ ಜಿಗೀತದ. ಅದು ಮ್ಯಾಲಿನ ಕೋಣೀದು.”

ಆಳಂದದ ದಾರಿಯುದ್ದಕ್ಕೂ ಏಪ್ರಿಲ್ಲಿನ ಬಿಸಿಲು ಜೀಪಿನ ತಗಡು ಕಾಯಿಸಿತು. ನಾನು ಅಂಗಿಯ ಮೂರು ಗುಂಡಿ ಬಿಚ್ಚಿ ಕೂತಿದ್ದೆ. ಗುಂಡಿ ಬಿಚ್ಚಿದಾಗಲೇ ನೆನಪಾಯಿತು. ಐದು ದಿನದಿಂದ ಆ ಲಾಕಪ್ಪಿನ ಕುದಿಯಲ್ಲಿ ಉಳಿದ ಮೂವರು ಬನಿಯನ್ನನ್ನೂ ತೆಗೆದು ಬೀಸಿಕೊಳ್ಳುತ್ತಿದ್ದರೆ, ಕರೀಮಸಾಬ ಕುತ್ತಿಗೆಯ ತನಕ ಗುಂಡಿ ಹಾಕಿಕೊಂಡೇ ಕೂತಿದ್ದ.

ದಡ್ಡತನಕ್ಕೂ ಒಂದು ಮಿತಿ ಇರಬೇಕು. ನನ್ನ ದಡ್ಡತನಕ್ಕೆ ಈ ಐದು ದಿನ ಆ ಮಿತಿಯೂ ಇರಲಿಲ್ಲ.

ಠಾಣೆಯ ಬೇವಿನ ಮರದ ಕೆಳಗೆ ಅವನ ಹೆಂಡತಿ ಖಾಸೀಂಬಿ ಕೂತಿದ್ದಳು. ಐದು ದಿನದಿಂದ ಅಲ್ಲೇ. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದಳು.

“ಸಾಹೇಬ್ರ, ನಾಳಿ ಒಯ್ತೀರಂತ, ಹೌದೇನ್ರಿ? ಅವ ಕೋಳಿ ಕೊಯ್ಯಾಕೂ ಅಂಜತಾನ್ರಿ. ಬಕ್ರೀದಕ್ಕ ಕೊಯ್ಯಾಕ ಬ್ಯಾರೇದವ್ರನ್ನ ಕರಕೊಂಡು ಬರ್ತಾನ. ಅಂಥಾವ ಅನ್ನ ಹಾಕಿದವ್ರ ತಲಿ ಒಡೀತಾನೇನ್ರಿ?”

“ಖಾಸೀಂಬಿ, ಒಂದು ಕೇಳ್ತೀನಿ, ಖರೇ ಹೇಳು. ನಿನ್ನ ಗಂಡಗ ಎದಿ ಆಪರೇಷನ್ ಎಂದ ಆತು?”

ಅವಳ ಮುಖದ ಬಣ್ಣ ಇಳಿಯಿತು. ನೆಲ ನೋಡಿದಳು.

“ಮೂರು ವರ್ಷದ ಹಿಂದ ರಸ್ತಾದಾಗ ಬಿದ್ದಿದ್ದರಿ. ಬೊಂಬಾಯಿಗಿ ಕರಕೊಂಡು ಹೋಗಿ ಎದ್ಯಾಗ ಡಬ್ಬಿ ಇಟ್ರು. ಯಾರಿಗೂ ಹೇಳಬ್ಯಾಡ ಅಂದಾನ್ರಿ. ತಿಳದ್ರ ಲೈಸನ್ಸ್ ಕಸಗೋತಾರ, ಜೀಪ್ ಮ್ಯಾಲಿಂದ ಇಳಸ್ತಾರ, ಅಂದಾನ.”

“ಬೊಂಬಾಯಿಗಿ ಕರಕೊಂಡು ಹೋದವ್ರು ಯಾರು?”

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಅದನ್ನ ಕೇಳಬ್ಯಾಡ್ರಿ. ಅದಕ್ಕ ಅವ ಕುರಾನ ಮ್ಯಾಲ ಕೈ ಇಡಸ್ಯಾನ.”

ಪೊಲೀಸು ಅಂದಮೇಲೆ ಒತ್ತಾಯಿಸಬೇಕು. ನಾನು ಒತ್ತಾಯಿಸಲಿಲ್ಲ. ಅವಳಿಗೆ ನೀರು ಕೊಡು ಎಂದು ಕಾನ್‌ಸ್ಟೇಬಲ್ ಚಂದಪ್ಪನಿಗೆ ಹೇಳಿ ಒಳಗೆ ಹೋದೆ.

ಕರೀಮಸಾಬನನ್ನು ನನ್ನ ಕೋಣೆಗೆ ತರಿಸಿದೆ. ಐವತ್ತರ ಆಸುಪಾಸಿನ ಸಣಕಲು ಮನುಷ್ಯ, ಗಡ್ಡ ಅರ್ಧ ಬೆಳ್ಳಗಾಗಿತ್ತು. ಬೆಂಚನ್ನು ಗೋಡೆಗೆ ಸರಿಸಿ, ಒರಗಿ ಕೂಡು ಅಂದೆ. ಅವನು ನೆಟ್ಟಗೇ ಕೂತ. ಲಕೋಟೆಯಿಂದ ಅಂಟುಪಟ್ಟಿ ತೆಗೆದು ಮಗುಚಿ ಮೇಜಿನ ಮೇಲಿಟ್ಟೆ.

“ಇದೇನಂತ ಹೇಳು.”

“ಮಿಷನ್ ಪಟ್ಟಿರಿ.”

“ಅದರ ಮ್ಯಾಲಿಂದು?”

ಅವನು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. “ಯಪ್ಪಾ,” ಅಂದ, ತನಗೆ ತಾನೇ ಅನ್ನುವ ಹಾಗೆ.

“ಹೆಣದ ಎದಿ ಒರಸೂದು ಮರತಿ,” ಅಂದೆ. “ನಿನಗ ವಿಭೂತಿ ರೂಢಿ ಇಲ್ಲ. ಗುಂಡಿ ಬಿಚ್ಚು.”

“ಸಾಹೇಬ್ರ—”

“ಖಾಸೀಂಬಿ ಹೇಳ್ಯಾಳ. ಲೈಸನ್ಸ್ ಮಾತು ಆಮ್ಯಾಲ ನೋಡೂಣು. ಬಿಚ್ಚು.”

ಅವನು ಒಂದೊಂದೇ ಗುಂಡಿ ಬಿಚ್ಚಿದ. ಬಲಗಡೆಯ ಕೊರಳೆಲುಬಿನ ಕೆಳಗೆ ಚರ್ಮ ಉಬ್ಬಿತ್ತು, ಜೇಬು ಗಡಿಯಾರದಷ್ಟು. ಅದರ ಮೇಲೆ ಹಳೆಯ ಹೊಲಿಗೆಯ ಗುರುತು.

“ಗೌಡರಿಗಿ ಇದು ಗೊತ್ತಿತ್ತೇನು?”

“ಇಲ್ರಿ. ಮುಂಜಾನಿ ಕರದು, ಲೇ ಕರೀಮ್ಯಾ, ನಾ ಪೂಜಾ ಮುಗಸೂತನ ಇದನ್ನ ಕಟ್ಗೋ, ಡಾಕ್ಟರ್ ಬಾಯಿಗಿ ಹೇಳಬ್ಯಾಡ, ಅಂದ್ರು. ವಲ್ಲೆ ಅಂದ್ರ ಯಾಕ ಅಂತಾರ. ಇಸಗೊಂಡು ಜೀಪಿನ ಹಿಂದ ಹೋಗಿ ಹಚಗೊಂಡೆರಿ. ಗುಲಬರ್ಗಾದಾಗ ಹಚ್ಚೂ ಮುಂದ ನಾ ಬಾಜೂಕ ನಿಂತಿದ್ದೆ, ವೈರ್ ಯಾವುದು ಎಲ್ಲಿ ಅಂತ ನೋಡಿದ್ದೆ.”

“ಆಮ್ಯಾಲ?”

“ಜೀಪ್ ತೊಳದೆರಿ.”

“ಏಳು ಹತ್ತಕ್ಕ ಏನು ಕಂಡಿ?”

“ಏನೂ ಇಲ್ರಿ.”

“ನಿನ್ನ ಎದಿ ಹಾಂಗ ಹೇಳೂದಿಲ್ಲ.”

“ನನ್ನ ಎದಿ ಏನೂ ಹೇಳೂದಿಲ್ರಿ,” ಅಂದ ಕರೀಮಸಾಬ. ಅದರಲ್ಲಿ ಸಣ್ಣ ಹೆಮ್ಮೆ ಇತ್ತು. “ಬೊಂಬಾಯಿ ಡಾಕ್ಟರ್ ಹೇಳ್ಯಾರ. ಏನ ಆದ್ರೂ ಎಪ್ಪತ್ತ ಅಂತ.”

“ಮಿಷನ್ ಹೆಣಕ್ಕ ಹಚ್ಚಿದಾವ ನೀನು.”

ಹೊರಗೆ ಖಾಸೀಂಬಿ ಕೆಮ್ಮುವುದು ಕೇಳಿಸಿತು. ಅವನು ಕಿಟಕಿಯ ಕಡೆ ತಿರುಗಿ, ಮತ್ತೆ ನೆಲ ನೋಡಿದ.

“ಹಚ್ಚಿದಾವ ನಾನರಿ. ಹಚ್ಚು ಅಂದವ್ರು ಬ್ಯಾರೆ.”

“ಯಾರು?”

ಅವನು ಮೇಜಿನ ಮೇಲಿನ ಪಟ್ಟಿಯನ್ನು ನನ್ನ ಕಡೆ ಸರಿಸಿದ.

“ನೋಡು ಕರೀಮ,” ಅಂದೆ. “ಹೆಸರು ಹೇಳಿದ್ರ ನಾಳಿ ನೀ ಸಾಕ್ಷಿ. ಹೇಳದಿದ್ರ ನೀ ಖೂನಿ. ಮಿಷನ್ ಮುಟ್ಟಿದಿ, ಹೆಣ ಮುಟ್ಟಿದಿ, ಮನ್ಯಾಗ ನೀ ಒಬ್ಬನ ಇದ್ದಿ. ಇಷ್ಟು ಸಾಕು. ನಾ ಬ್ಯಾಡ ಅಂದ್ರೂ ಕೋರ್ಟ್ ಬಿಡೂದಿಲ್ಲ. ಹೊರಗ ಆಕಿ ಐದು ದಿನ ಉಪಾಸ ಕುಂತಾಳ. ಆಕಿಗಿ ನಾ ಏನಂತ ಹೇಳಲಿ?”

“ಮನಿಗಿ ಹೋಗು ಅನ್ರಿ.” ಕಣ್ಣೊರೆಸಿಕೊಂಡ. “ಈ ಡಬ್ಬಿ ಇಲ್ದಿದ್ರ ನಾ ಮೂರು ವರ್ಷದ ಹಿಂದ ಮಣ್ಣಾಗ್ತಿದ್ದೆರಿ. ಈ ಮೂರು ವರ್ಷ ನಂದಲ್ಲ. ಯಾರು ಕೊಟ್ರೋ ಅವ್ರದು. ಅವ್ರು ತಿರುಗಿ ಕೇಳಿದ್ರ ನಾ ಹ್ಯಾಂಗ ಇಲ್ಲ ಅನ್ಲಿ?”

ನನಗೆ ಸಿಟ್ಟು ಬಂತು. ಉಪಕಾರ ಮಾಡಿದವರು ಕೊರಳು ಕೇಳಿದರೂ ಕೊಡುವ ಮಂದಿಯನ್ನು ಕಂಡರೆ ನನಗೆ ಯಾವಾಗಲೂ ಸಿಟ್ಟು ಬರುತ್ತದೆ. ಅವರಿಗೆ ಬೈಯಲೂ ಆಗುವುದಿಲ್ಲ.

“ಒರಗು,” ಅಂದೆ. ಈ ಸಲ ಅವನು ಒರಗಿದ, ದಣಿದಿದ್ದ. ನಾನು ಸ್ಟೂಲು ಎಳೆದುಕೊಂಡು ಪಕ್ಕ ಕೂತು ಅವನ ಮಣಿಕಟ್ಟು ಹಿಡಿದೆ. ಅವನು ತಡೆಯಲಿಲ್ಲ. ಗೋಡೆಯ ಗಡಿಯಾರ ನೋಡುತ್ತ ಎಣಿಸಿದೆ. ಎಪ್ಪತ್ತು. ಬೊಂಬಾಯಿ ಡಾಕ್ಟರು ಸುಳ್ಳು ಹೇಳಿರಲಿಲ್ಲ.

ಆಮೇಲೆ ಗಡಿಯಾರ ಬಿಟ್ಟು ಅವನ ಕುತ್ತಿಗೆ ನೋಡಿದೆ. ಕಿವಿಯ ಕೆಳಗೆ, ಗಡ್ಡ ಮುಗಿಯುವಲ್ಲಿ, ಒಂದು ನರ ಮೆಲ್ಲಗೆ ಏಳುತ್ತ ಬೀಳುತ್ತ ಇತ್ತು. ಮಣಿಕಟ್ಟಿಗೂ ಅದಕ್ಕೂ ತಾಳ ಕೂಡುತ್ತಿರಲಿಲ್ಲ.

“ಹಣಮಂತರಾಯ,” ಅಂದೆ.

ನರ ಹಾಗೇ ಇತ್ತು.

“ಹೊಲದ ಪಾಲಿಗಿ ಅಣ್ಣನ ಕೂಡ ಜಗಳಾಡ್ಯಾನ. ಏಳು ಇಪ್ಪತ್ತಕ್ಕ ಬಸ್ ಹತ್ತ್ಯಾನ. ಏಳು ಹತ್ತಕ್ಕ ಅವ ಪೂಜಾದ ಕೋಣ್ಯಾಗಿಂದ ಹೊರಗ ಬಂದದ್ದು ನೀ ನೋಡಿದಿ.”

“ಇಲ್ರಿ,” ಅಂದ. ನರ ಹಾಗೇ ಇತ್ತು. ಅವನು ನಿಜ ಹೇಳುತ್ತಿದ್ದ.

ಐದು ದಿನದಿಂದ ನಾನು ಕರೀಮಸಾಬನ ಬೆನ್ನು ಹತ್ತಿದ್ದೆ, ಅದು ತಪ್ಪಿತ್ತು. ಈ ಮಧ್ಯಾಹ್ನವೆಲ್ಲ ಮನಸ್ಸಿನಲ್ಲೇ ಹಣಮಂತರಾಯನಿಗೆ ಬೇಡಿ ಹಾಕಿದ್ದೆ, ಅದೂ ತಪ್ಪೇ ಇರಬೇಕು. ಉಳಿದದ್ದೇನು ಎಂದು ಯೋಚಿಸಲು ನಾನು ಸಿದ್ಧನಿರಲಿಲ್ಲ. ಗೌಡರು ಸತ್ತ ದಿನ ಅವರ ಹೆಂಡತಿ ಅತ್ತ ಅಳು ನನ್ನ ಕಿವಿಯಲ್ಲಿತ್ತು. ಅದು ನಾಟಕದ ಅಳುವಲ್ಲ.

ಬಾಗಿಲು ಅರ್ಧ ತೆರೆಯಿತು. ಚಂದಪ್ಪ ತಲೆ ಹಾಕಿದ.

“ಸಾಹೇಬ್ರ, ನರೋಣಾದಿಂದ ಕಸ್ತೂರಿಬಾಯಿ ಅವ್ವಾರು ಬಂದಾರ್ರಿ. ಕರೀಮಸಾಬಗ ಬುತ್ತಿ ತಂದಾರ. ಒಳಗ ಬಿಡಲೇನ್ರಿ?”

ನಾನು ಕೈಯೆತ್ತಿ ಚಂದಪ್ಪನನ್ನು ಅಲ್ಲೇ ತಡೆದೆ. ಕರೀಮಸಾಬ ಕಣ್ಣು ಮುಚ್ಚಿಕೊಂಡಿದ್ದ. ಮುಖದಲ್ಲಿ ಏನೂ ಕದಲಲಿಲ್ಲ. ನನ್ನ ಬೆರಳ ಕೆಳಗೆ ಮಣಿಕಟ್ಟು ಎಪ್ಪತ್ತನ್ನೇ ಬಡಿಯುತ್ತಿತ್ತು.

ಅವನ ಕುತ್ತಿಗೆಯ ನರ ಎಣಿಸಲಾಗದಷ್ಟು ಜೋರಾಗಿ ಜಿಗಿಯುತ್ತಿತ್ತು.